ಸರದಿಗಳ ಸಾಲು: ಗಡಿನಾಡಿನ ಕನ್ನಡ ಮನೆಗಳಲ್ಲಿ ಬೈಪೋಲಾರ್ ಕಾಯಿಲೆ

ಬೈಪೋಲಾರ್ ಡಿಸಾರ್ಡರ್ ಎಂದು ವೈದ್ಯರು ಕರೆಯುವ, ಕನ್ನಡದ ಪುಸ್ತಕಗಳಲ್ಲಿ ದ್ವಿಧ್ರುವ ಮನೋವ್ಯಾಧಿ ಎಂದು ಬರೆಯಲಾಗುವ ಕಾಯಿಲೆ ಒಂದು ದಿನದ ನೋಟಕ್ಕೆ ಸಿಗುವಂಥದ್ದಲ್ಲ. ಜ್ವರವನ್ನು ಹಣೆ ಮುಟ್ಟಿ ತಿಳಿಯಬಹುದು, ಮುರಿದ ಮೂಳೆಯನ್ನು ಎಕ್ಸ್‌ರೇ ತೆಗೆದು ನೋಡಬಹುದು. ಈ ಕಾಯಿಲೆಯನ್ನು ಖಚಿತವಾಗಿ ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಇಂದಿಗೂ ಇಲ್ಲ. ಕೆಲವು ವಾರ ಮನಸ್ಸು ಅಳತೆ ಮೀರಿ ಏರುವುದು, ಕೆಲವು ತಿಂಗಳು ನೆಲಕಚ್ಚುವುದು, ನಡುನಡುವೆ ಮನುಷ್ಯ ಪೂರ್ತಿ ಮೊದಲಿನಂತೆಯೇ ಇರುವುದು, ಹೀಗೆ ಬಂದುಹೋಗುವ ಸರದಿಗಳ ಸಾಲೇ ಅದರ ಗುರುತು. ಆ ಸಾಲನ್ನು ಕಣ್ಣಾರೆ ಕಂಡವರು ಮನೆಯವರು. ವೈದ್ಯರ ಮುಂದೆ ಬಂದು ಕೂರುವುದು ಆ ಸಾಲಿನ ಒಂದೇ ಒಂದು ದಿನ. ಆದಕಾರಣ ಈ ಕಾಯಿಲೆಯ ಗುರುತಿಸುವಿಕೆ ಮತ್ತು ನಿರ್ವಹಣೆ ಎರಡೂ ಬಹುಮಟ್ಟಿಗೆ ಮನೆಯ ನೆನಪು ಆಸ್ಪತ್ರೆಯ ಕಡತವನ್ನು ಸೇರುತ್ತದೆಯೇ, ಸೇರುವುದಾದರೆ ಯಾವ ಭಾಷೆಯಲ್ಲಿ ಸೇರುತ್ತದೆ ಎಂಬುದರ ಮೇಲೆ ನಿಂತಿವೆ.

ತೆಲಂಗಾಣದ ಗದ್ವಾಲ್, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮನೆಗಳಿಗೆ ಈ ಮಾತು ಬೇರೆ ಕಡೆಗಿಂತ ಹೆಚ್ಚು ತಾಗುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ, ನಡಿಗಡ್ಡ ಎಂದು ಹೆಸರಾದ ಗದ್ವಾಲ್ ಸೀಮೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿದವು, ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ್ ಮತ್ತು 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಗಡಿ ಬಂದರೂ ಬೀಗತನ ನಿಲ್ಲಲಿಲ್ಲ, ಮನೆಮಾತು ಬದಲಾಗಲಿಲ್ಲ. ಹೀಗೆ ಒಬ್ಬನೇ ರೋಗಿಯ ಒಂದು ಸರದಿಗೆ ಚಿಕಿತ್ಸೆ ರಾಯಚೂರಿನಲ್ಲಿ, ಇನ್ನೊಂದಕ್ಕೆ ಕರ್ನೂಲಿನಲ್ಲಿ, ಮೂರನೆಯದಕ್ಕೆ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯಲ್ಲಿ ಆಗುವುದು ಸಹಜವಾಯಿತು. ಒಂದು ಕಡೆಯ ಚೀಟಿ ಕನ್ನಡ ಬಲ್ಲವರ ಕೈಯಲ್ಲಿ, ಇನ್ನೊಂದು ಕಡೆಯದು ತೆಲುಗು ಬಲ್ಲವರ ಕೈಯಲ್ಲಿ, ಎರಡೂ ಇಂಗ್ಲಿಷಿನಲ್ಲಿ. ಸರದಿಗಳ ಸಾಲು ತುಂಡಾಗಿ ಮೂರು ಊರುಗಳಲ್ಲಿ ಬಿದ್ದಾಗ ಯಾವ ವೈದ್ಯರಿಗೂ ಅದು ಸಾಲಾಗಿ ಕಾಣುವುದಿಲ್ಲ.

ಕನ್ನಡದ ಹುಚ್ಚು, ತೆಲುಗಿನ ಪಿಚ್ಚಿ, ಉರ್ದುವಿನ ಪಾಗಲ್ ಎಂಬ ಮೂರು ಮಾತುಗಳೂ ಈ ಸೀಮೆಯ ಸಂತೆಯಲ್ಲಿ ದಿನವೂ ಕೇಳಿಬರುತ್ತವೆ, ಮತ್ತು ಮೂರೂ ಹತ್ತಾರು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬುತ್ತವೆ. ಚರಕ ಸಂಹಿತೆಯು ವಾತಜ, ಪಿತ್ತಜ, ಕಫಜ, ಸನ್ನಿಪಾತಜ, ಆಗಂತುಜ ಎಂದು ಉನ್ಮಾದದ ಐದು ಬಗೆಗಳನ್ನು ಹೇಳಿದಾಗಲೇ ಮನಸ್ಸಿನ ಎಲ್ಲ ಕೇಡೂ ಒಂದೇ ಅಲ್ಲವೆಂಬ ಅರಿವು ಇತ್ತು. ಇಂದಿನ ಕನ್ನಡ ಮನೋವೈದ್ಯ ಬರವಣಿಗೆಯಲ್ಲಿ ಉನ್ಮಾದ ಎಂಬ ಶಬ್ದ ಬೈಪೋಲಾರ್ ಕಾಯಿಲೆಯ ಏರಿದ ಸರದಿಗಷ್ಟೇ ಸಲ್ಲುತ್ತದೆ, ಇಳಿದ ಸರದಿಗೆ ಖಿನ್ನತೆ ಎಂಬ ಹೆಸರಿದೆ. ಫ್ರಾನ್ಸಿನ ಫಾಲ್ರೆ ಮತ್ತು ಬೈಯಾರ್ಜೆ 1850ರ ದಶಕದಲ್ಲಿ ಈ ಎರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಬರೆದರು. ಜರ್ಮನಿಯ ಕ್ರೆಪೆಲಿನ್ 1899ರಲ್ಲಿ ಅದನ್ನು ಬುದ್ಧಿಯನ್ನೇ ಸವೆಸುವ ಇತರ ಕಾಯಿಲೆಗಳಿಂದ ಬೇರ್ಪಡಿಸಿದರು. ಕ್ರೆಪೆಲಿನ್ ಬೇರ್ಪಡಿಸಿದ್ದು ಹೇಗೆಂಬುದು ಗಮನಾರ್ಹ: ರೋಗಿಯ ಒಂದು ದಿನದ ಚಹರೆಗಿಂತ ಆತ ವರ್ಷಗಳಲ್ಲಿ ಸಾಗಿದ ದಾರಿಗೆ ಅವರು ಹೆಚ್ಚು ಬೆಲೆ ಕೊಟ್ಟರು.

ಉನ್ಮಾದದ ಸರದಿ ಎಂದು ಹೇಳಬೇಕಾದರೆ ಏರಿದ ಅಥವಾ ಸಿಡುಕಿನ ಮನಸ್ಸು ಮತ್ತು ಮಿತಿಯಿಲ್ಲದ ಚಟುವಟಿಕೆ ಸಾಮಾನ್ಯವಾಗಿ ಕನಿಷ್ಠ ಒಂದು ವಾರ, ದಿನದ ಬಹುಪಾಲು, ಬಿಡದೆ ಇರಬೇಕು. ಅದರ ಜೊತೆಗೆ ತಡೆಯಿಲ್ಲದ ಮಾತು, ಒಂದರ ಬೆನ್ನಿಗೆ ಒಂದು ಓಡಿಬರುವ ಯೋಚನೆಗಳು, ತನ್ನ ಶಕ್ತಿಯ ಬಗ್ಗೆ ಹಿಗ್ಗಿದ ನಂಬಿಕೆ, ಕೈಯಲ್ಲಿಲ್ಲದ ದುಡ್ಡಿನ ಖರ್ಚು ಮುಂತಾದವು ಕಾಣಿಸಬೇಕು. ಇದೇ ಚಿತ್ರ ತೆಳುವಾಗಿ, ಕೆಲಸ ಕೆಡದ ಮಟ್ಟದಲ್ಲಿ, ನಾಲ್ಕು ದಿನವಾದರೂ ಇದ್ದರೆ ಅದಕ್ಕೆ ಲಘು ಉನ್ಮಾದವೆಂದು ಹೆಸರು. ಈ ಲಘು ಉನ್ಮಾದವೇ ಗುರುತಿಗೆ ಅತ್ಯಂತ ಕಷ್ಟದ್ದು, ಏಕೆಂದರೆ ಉತ್ತರದ ಕನ್ನಡದಲ್ಲಿ ಅದಕ್ಕೆ ಉಮೇದು ಎಂಬ ಒಳ್ಳೆಯ ಮಾತಿದೆ, ಮತ್ತು ಉಮೇದಿರುವ ಹುಡುಗನನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಗದ್ವಾಲಿನ ಮಗ್ಗದ ಮನೆಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು; ಎರಡನ್ನೂ ಕೂಡಿಸುವ ಕುಟ್ಟು ಎಂಬ ನೇಯ್ಗೆಯಲ್ಲಿ ಹತ್ತಿಯ ಎಳೆ ರೇಷ್ಮೆಯ ಎಳೆಯನ್ನು ಪ್ರತಿ ಸಾಲಿನಲ್ಲೂ ತಪ್ಪದೆ ಹಿಡಿಯಬೇಕು, ಅದಕ್ಕೆ ತಾಳ್ಮೆಯೇ ಬಂಡವಾಳ. ಉಮೇದಿನ ಮೊದಲ ವಾರದಲ್ಲಿ ನೇಕಾರ ರಾತ್ರಿಯೆಲ್ಲ ಮಗ್ಗದ ಗುಂಡಿಯಲ್ಲಿ ಕುಳಿತು ಎರಡಾಳಿನ ಕೆಲಸ ಮಾಡುತ್ತಾನೆ, ಮನೆ ಹಿಗ್ಗುತ್ತದೆ. ಎರಡನೆಯ ವಾರ ಹೊಸ ವಿನ್ಯಾಸವೆಂದು ಸಾಲ ಮಾಡಿ ಜರಿ ತರುತ್ತಾನೆ. ಮೂರನೆಯ ವಾರ ಅಂಚಿನ ಬದಿಯಲ್ಲಿ ಎಳೆ ತಪ್ಪಿ ಸಣ್ಣ ಸಣ್ಣ ಕಿಂಡಿಗಳು ಬೀಳತೊಡಗುತ್ತವೆ, ಲಾಳಿ ಅರ್ಧಕ್ಕೆ ನಿಲ್ಲುತ್ತದೆ, ಆತ ಊರೂರು ತಿರುಗುತ್ತಾನೆ. ಆ ಕಿಂಡಿಗಳನ್ನು ಮೊದಲು ಕಾಣುವುದು ಪಕ್ಕದಲ್ಲಿ ಕಂಡಿಕೆ ಸುತ್ತುವ ಹೆಂಡತಿ. ರೋಗಲಕ್ಷಣದ ಮೊದಲ ದಾಖಲೆ ಆಕೆಯ ಕಣ್ಣಲ್ಲಿದೆ.

ಆಕೆ ಅದನ್ನು ಹೇಳುವ ಮಾತನ್ನೂ ಹತ್ತಿರದಿಂದ ನೋಡಬೇಕು. ಈ ಸೀಮೆಯ ಕನ್ನಡದಲ್ಲಿ "ನಿದ್ದಿ ಬರವಲ್ದು" ಎಂಬುದು ಒಂದು ದೂರು, "ನಿದ್ದಿ ಬೇಕನಸವಲ್ದು" ಎಂಬುದು ಬೇರೆಯೇ ಮಾತು. ಮೊದಲನೆಯವನು ಹಾಸಿಗೆಯಲ್ಲಿ ಹೊರಳಾಡುತ್ತಾನೆ, ಬೆಳಗ್ಗೆ ದಣಿದು ಏಳುತ್ತಾನೆ. ಅದು ಖಿನ್ನತೆಯಲ್ಲಿ, ಚಿಂತೆಯಲ್ಲಿ ಬರುವ ನಿದ್ರಾಹೀನತೆ. ಎರಡನೆಯವನು ಎರಡು ತಾಸು ಮಲಗಿ ಹುರುಪಿನಿಂದ ಏಳುತ್ತಾನೆ, ಅವನಿಗೆ ನಿದ್ದೆಯ ಅಗತ್ಯವೇ ಕಡಿಮೆಯಾಗಿದೆ. ಉನ್ಮಾದವನ್ನು ಬೇರೆ ಸ್ಥಿತಿಗಳಿಂದ ಬೇರ್ಪಡಿಸುವ ಲಕ್ಷಣಗಳಲ್ಲಿ ಇದಕ್ಕಿಂತ ನೆಚ್ಚಬಹುದಾದದ್ದು ಕಡಿಮೆ. ಈ ಎರಡೂ ಮಾತುಗಳು ಅವಸರದ ಅನುವಾದದಲ್ಲಿ "ನಿದ್ದೆ ಇಲ್ಲವಂತೆ" ಎಂಬ ಒಂದೇ ವಾಕ್ಯವಾಗಿಬಿಡುತ್ತವೆ, ಇಬ್ಬರಿಗೂ ಒಂದೇ ನಿದ್ದೆಗುಳಿಗೆ ಸಿಗುತ್ತದೆ. ಮನೆಮಾತಿನ ಪರವಾಗಿ ಅಭಿಮಾನದ ವಾದಗಳು ಅನೇಕ. ರೋಗನಿರ್ಣಯದ ಈ ವಾದ ಅವೆಲ್ಲಕ್ಕಿಂತ ಗಟ್ಟಿಯಾದದ್ದು.

ಖಿನ್ನತೆಯ ಸರದಿಯಲ್ಲಿ ತಪ್ಪು ಇನ್ನೊಂದು ಬಗೆಯಲ್ಲಿ ಆಗುತ್ತದೆ. ಎರಡು ವಾರಕ್ಕೂ ಮೀರಿ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಊಟ ಸೇರದಿರುವುದು, ಎದೆ ಭಾರ, ಬದುಕು ಸಾಕೆಂಬ ಭಾವ ಇವನ್ನು ಕಂಡ ವೈದ್ಯರು ಖಿನ್ನತೆಯೆಂದು ತಿಳಿದು ಖಿನ್ನತೆಯ ಗುಳಿಗೆಯನ್ನಷ್ಟೇ ಬರೆದರೆ, ಬೈಪೋಲಾರ್ ಇರುವವರಲ್ಲಿ ಕೆಲವರಿಗೆ ಅದೇ ಗುಳಿಗೆ ಉನ್ಮಾದವನ್ನು ಎಬ್ಬಿಸುತ್ತದೆ. ಆದ್ದರಿಂದ ಖಿನ್ನತೆಯ ಪ್ರತಿ ರೋಗಿಯ ಮನೆಯವರನ್ನೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹಿಂದೆ ಯಾವಾಗಲಾದರೂ ನಾಲ್ಕಾರು ದಿನ ನಿದ್ದೆಯಿಲ್ಲದೆಯೂ ಇವರು ಅತಿ ಹುರುಪಿನಲ್ಲಿ ಇದ್ದದ್ದುಂಟೇ? ಕೇಳದಿದ್ದರೆ ಮನೆಯವರೂ ಹೇಳುವುದಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಒಳ್ಳೆಯ ಕಾಲವಾಗಿತ್ತು. ಈ ಕಾಯಿಲೆಯಿರುವವರಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚು. ಹತ್ತಿ ಬೆಳೆಯುವ ಸೀಮೆಯಲ್ಲಿ ಕೀಟನಾಶಕ ಮನೆಯೊಳಗೇ ಇರುವುದರಿಂದ, ಖಿನ್ನತೆಯ ಸರದಿ ಮುಗಿಯುವವರೆಗೆ ಅದನ್ನು ಬೇರೆಯವರ ಮನೆಯಲ್ಲಿ, ಬೇರೆಯವರ ಬೀಗದ ಕೆಳಗೆ ಇಡುವುದು ಯಾವ ಔಷಧಕ್ಕೂ ಕಡಿಮೆಯಲ್ಲದ ಚಿಕಿತ್ಸೆ.

ಪಾಲಮೂರು, ಅಂದರೆ ಮಹಬೂಬನಗರ ಸೀಮೆಯಲ್ಲಿ ಮೂರನೆಯ ಗೊಂದಲವೊಂದಿದೆ, ಅದು ಸೇಂದಿಯದು. ಇಲ್ಲಿಯ ಕಲಬೆರಕೆ ಸೇಂದಿಯಲ್ಲಿ ಡಯಾಜೆಪಾಮ್, ಆಲ್ಪ್ರಜೋಲಾಮ್, ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ತರಿಸುವ ರಾಸಾಯನಿಕಗಳು ಸಿಕ್ಕಿರುವುದು ಹಳೆಯ ಸಂಗತಿ. 2015ರಲ್ಲಿ ಸರ್ಕಾರ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ, ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ಅದು ಸಿಗದೆ ನಡುಕ, ಬಡಬಡಿಕೆ, ಫಿಟ್ಸ್, ಇಲ್ಲದ್ದನ್ನು ಕಾಣುವುದು ಮುಂತಾದ ತೊಂದರೆಗಳಿಂದ ಆಸ್ಪತ್ರೆಗಳಿಗೆ ಬಂದರು. ಆ ಸ್ಥಿತಿಯೂ ಮೇಲುನೋಟಕ್ಕೆ ಉನ್ಮಾದದಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಮನುಷ್ಯನಿಗೆ ದಿನ, ಊರು, ಎದುರಿಗಿರುವವರ ಗುರುತು ತಪ್ಪುತ್ತದೆ, ಕೈ ನಡುಗುತ್ತದೆ, ಬೆವರು ಸುರಿಯುತ್ತದೆ. ಉನ್ಮಾದದಲ್ಲಿ ಸಾಮಾನ್ಯವಾಗಿ ಎಚ್ಚರ ಸ್ವಚ್ಛವಾಗಿರುತ್ತದೆ. ಕುಡಿತ ನಿಂತದ್ದು ಯಾವ ದಿನ, ಬಡಬಡಿಕೆ ಶುರುವಾದದ್ದು ಯಾವ ದಿನ ಎಂಬ ಎರಡು ತಾರೀಖುಗಳು ಸಿಕ್ಕರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ. ಎರಡೂ ಒಟ್ಟಿಗೆ ಇರುವವರೂ ಉಂಟು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವನದಲ್ಲಿ ಎಂದಾದರೂ ಬೈಪೋಲಾರ್ ಕಾಯಿಲೆಗೆ ಒಳಗಾದ ವಯಸ್ಕರು ನೂರಕ್ಕೆ 0.5, ಅವರಲ್ಲಿ ಚಿಕಿತ್ಸೆಯಿಂದ ಹೊರಗುಳಿದವರು ನೂರಕ್ಕೆ ಸುಮಾರು 70. ತೆಲಂಗಾಣ ಆ 12ರಲ್ಲಿ ಇರಲಿಲ್ಲ. ಕರ್ನಾಟಕದ ಕೋಲಾರದಲ್ಲಿ ಪೂರ್ವಭಾವಿ ಸಮೀಕ್ಷೆಯಷ್ಟೇ ನಡೆದಿತ್ತು. ಶೇಕಡಾ ಅರ್ಧವೆಂಬುದು ಸಣ್ಣ ಅಂಕಿಯಂತೆ ಕಾಣಬಹುದು, ಆದರೆ ಆ ಲೆಕ್ಕದಲ್ಲಿ ಎರಡು ಸಾವಿರ ವಯಸ್ಕರಿರುವ ಊರಿನಲ್ಲಿ ಹತ್ತು ಮಂದಿ, ಬಹುಪಾಲು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಯಿಲೆ ಶುರುವಾದವರು.

ಚಿಕಿತ್ಸೆಯ ಮಾತಿನಲ್ಲಿ ಲಿಥಿಯಂ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದು ಈ ಕಾಯಿಲೆಯ ಅತ್ಯುತ್ತಮ ಔಷಧಗಳಲ್ಲಿ ಒಂದು ಮತ್ತು ಈ ಸೀಮೆಯ ಬಿಸಿಲಿಗೆ ಅತ್ಯಂತ ಎಚ್ಚರ ಬೇಡುವ ಔಷಧ. ಲಿಥಿಯಂ ಒಂದು ಹಗುರ ಲೋಹ, ಔಷಧವಾಗಿ ಕೊಡುವುದು ಅದರ ಲವಣವನ್ನು. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಅದರ ಉಪಯೋಗವನ್ನು ಪ್ರಕಟಿಸಿದರು. ಅವರ ಮೊದಲ ರೋಗಿ ವರ್ಷಗಳ ಉನ್ಮಾದದಿಂದ ಹೊರಬಂದು ಮನೆಗೆ ಮರಳಿದ, ಗುಳಿಗೆ ಬಿಟ್ಟ, ಮತ್ತೆ ಕಾಯಿಲೆ ಬಿದ್ದ, ಕೊನೆಗೆ 1950ರಲ್ಲಿ ಲಿಥಿಯಂ ವಿಷವೇರಿಯೇ ತೀರಿಕೊಂಡ. ಔಷಧದ ಪೂರ್ತಿ ಚರಿತ್ರೆ ಆ ಒಬ್ಬನ ಬದುಕಿನಲ್ಲಿ ಅಡಗಿದೆ: ಬಿಟ್ಟರೆ ಕಾಯಿಲೆ, ಮಿತಿ ಮೀರಿದರೆ ವಿಷ. ಅನಂತರ ಡೆನ್ಮಾರ್ಕಿನ ಮೋಗೆನ್ಸ್ ಶೌ 1954ರಿಂದ ನಡೆಸಿದ ವ್ಯವಸ್ಥಿತ ಪ್ರಯೋಗಗಳಿಂದಲೂ, ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುವ ವಿಧಾನದಿಂದಲೂ ಅದು ನೆಚ್ಚಬಹುದಾದ ಔಷಧವಾಯಿತು. ಸರದಿಗಳು ಮರುಕಳಿಸದಂತೆ ತಡೆಯಲು ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಕು, 1.5 ದಾಟಿದರೆ ವಿಷದ ಲಕ್ಷಣಗಳು ಶುರುವಾಗುತ್ತವೆ. ಒಳಿತಿಗೂ ಕೇಡಿಗೂ ನಡುವೆ ಇಷ್ಟು ಕಿರಿದಾದ ಹಾದಿಯಿರುವುದರಿಂದ ಕೊನೆಯ ಗುಳಿಗೆಯಾದ 12 ತಾಸಿಗೆ, ಅಂದರೆ ರಾತ್ರಿ ಎಂಟಕ್ಕೆ ನುಂಗಿದ್ದರೆ ಬೆಳಗ್ಗೆ ಎಂಟಕ್ಕೆ, ಬೆಳಗಿನ ಗುಳಿಗೆಗೆ ಮೊದಲು ರಕ್ತ ಕೊಡಬೇಕು. ಮಟ್ಟ ನೆಲೆಗೊಂಡ ಮೇಲೂ ಮೂರರಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ಬಿಡಬಾರದು.

ಮೂತ್ರಪಿಂಡವು ಲಿಥಿಯಮ್ಮನ್ನು ಬಹುಮಟ್ಟಿಗೆ ಉಪ್ಪಿನಂತೆಯೇ ಕಾಣುತ್ತದೆ ಎಂಬುದೇ ಬಿಸಿಲಿಗೆ ಬೇಕಾದ ಎಚ್ಚರದ ಒಳಗುಟ್ಟು. ಮೈಯಿಂದ ಬೆವರು ಹರಿದು ಉಪ್ಪು ನೀರು ಕಡಿಮೆಯಾದಾಗ ಮೂತ್ರಪಿಂಡ ಉಳಿದ ಉಪ್ಪನ್ನು ಬಿಗಿಹಿಡಿಯುತ್ತದೆ, ಅದರ ಜೊತೆಗೆ ಲಿಥಿಯಮ್ಮನ್ನೂ ಹಿಡಿದಿಡುತ್ತದೆ. ಗುಳಿಗೆ ಅಷ್ಟೇ ಇದ್ದರೂ ರಕ್ತದ ಮಟ್ಟ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಡಿಗಡ್ಡದ ಹೊಲದಲ್ಲಿ, ಪಾಲಮೂರು ಕೂಲಿಗಳೆಂದು ದೇಶವೆಲ್ಲ ಬಲ್ಲ ಜನ ದುಡಿಯುವ ಕಟ್ಟಡಗಳ ಕಾವಿನಲ್ಲಿ, ನೀರೂ ಮುಟ್ಟದ ಉಪವಾಸದಲ್ಲಿ, ವಾಂತಿಭೇದಿಯಲ್ಲಿ ಇದೇ ಆಗುವುದು. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳೂ, ಬಿಪಿಗೆ ಕೊಡುವ ಕೆಲವು ಔಷಧಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ; ಬಿಪಿ ಇದೆಯೆಂದು ಒಮ್ಮೆಲೇ ಉಪ್ಪು ಬಿಟ್ಟರೂ ಅದೇ ಪರಿಣಾಮ. ಕೈಯ ಸಣ್ಣ ನಡುಕ ಹಲವರಿಗೆ ಇರುವಂಥದ್ದು, ಅದಕ್ಕೆ ಹೆದರಬೇಕಿಲ್ಲ. ಆದರೆ ತಟ್ಟೆ ಹಿಡಿಯಲಾಗದಷ್ಟು ಕೈ ನಡುಗಿದರೆ, ನಾಲಿಗೆ ತೊದಲಿದರೆ, ನಡಿಗೆ ಜೋಲಿ ಹೊಡೆದರೆ, ಜೊತೆಗೆ ವಾಂತಿಯೋ ಭೇದಿಯೋ ಇದ್ದರೆ ಗುಳಿಗೆಯನ್ನು ತಡೆಹಿಡಿದು ಅದೇ ದಿನ ಆಸ್ಪತ್ರೆ ಸೇರಬೇಕು. ಇಂಥವನನ್ನು ಕುಡಿದವನೆಂದು ತಿಳಿದು ಕಟ್ಟೆಯ ಮೇಲೆ ಮಲಗಿಸಿ ಹೋಗುವುದೇ ದೊಡ್ಡ ಅಪಾಯ. ಮಜ್ಜಿಗೆ, ಗಂಜಿ, ರೂಢಿಯಷ್ಟು ಉಪ್ಪು, ಕೈಯಲ್ಲೊಂದು ನೀರಿನ ಬಾಟಲಿ ಇವು ಲಿಥಿಯಂ ಚೀಟಿಯ ಭಾಗವೆಂದೇ ಬರೆದುಕೊಡಬೇಕಾದ ಸಂಗತಿಗಳು. ಔಷಧದ ಬೆಲೆ ಕಡಿಮೆ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ತುಟ್ಟಿಯಾಗುವುದು ರಕ್ತ ಕೊಡಲೆಂದು ಹೋಗಿಬರುವ ದಿನದ ಕೂಲಿ. ಆ ಪರೀಕ್ಷೆ ಜಿಲ್ಲಾ ಕೇಂದ್ರದಲ್ಲಿಯೇ ಸಿಗುವಂತೆ ಮಾಡುವುದು ಸರ್ಕಾರದಿಂದ ಕೇಳಲೇಬೇಕಾದ ನ್ಯಾಯ.

ವಾಲ್ಪ್ರೊಯೇಟ್, ಕಾರ್ಬಮಝೆಪಿನ್, ಲ್ಯಾಮೊಟ್ರಿಜಿನ್, ಒಲಾಂಝಪಿನ್, ಕ್ವಿಟಿಯಾಪಿನ್ ಮುಂತಾದ ಬೇರೆ ಔಷಧಗಳೂ ಇವೆ, ಅವುಗಳ ಆಯ್ಕೆ ವೈದ್ಯರಿಗೆ ಬಿಟ್ಟದ್ದು. ಒಂದನ್ನು ಮಾತ್ರ ಒತ್ತಿ ಹೇಳಬೇಕು: ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿನ ಬೆನ್ನುಹುರಿಗೂ ಮೆದುಳಿನ ಬೆಳವಣಿಗೆಗೂ ಕೇಡು ಮಾಡುವುದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಅದು ಬೇಡ. ಈ ಕಾಯಿಲೆಯಿರುವ ಹೆಣ್ಣುಮಕ್ಕಳ ಬದುಕಿನಲ್ಲಿ ಅತ್ಯಂತ ಅಪಾಯದ ವಾರಗಳು ಹೆರಿಗೆಯ ನಂತರದವು. ಹಳೆಯ ಕನ್ನಡಿಗರು ಬಾಣಂತಿ ಸನ್ನಿ ಎಂದು ಕರೆದ ಸ್ಥಿತಿ ಅನೇಕ ಬಾರಿ ಇದೇ ಕಾಯಿಲೆಯ ಸರದಿ. ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಗ ತೀವ್ರ ಮರುಕಳಿಕೆ ಆಗುತ್ತದೆ. ಬಾಣಂತನಕ್ಕೆ ಮಗಳು ತವರಿಗೆ ಬರುತ್ತಾಳೆ, ರಾಯಚೂರಿನ ಅತ್ತೆಮನೆಯಿಂದ ಮಕ್ತಲಿನ ತವರಿಗೆ. ಚಿಕಿತ್ಸೆಯ ಕಾಗದ ಅತ್ತೆಮನೆಯ ಟ್ರಂಕಿನಲ್ಲಿ ಉಳಿಯುತ್ತದೆ, ಅಥವಾ ಕಾಯಿಲೆಯ ವಿಷಯವೇ ಅತ್ತೆಮನೆಗೆ ಗೊತ್ತಿರುವುದಿಲ್ಲ. ಮದುವೆಗೆ ಮುಂಚೆ ಗುಳಿಗೆ ನಿಲ್ಲಿಸಿ ವಿಷಯ ಮುಚ್ಚಿಡುವ ರೂಢಿ ಹೆಣ್ಣಿನ ಮೇಲೆ ತಂದಿರುವ ಸಂಕಟ ಅಷ್ಟಿಷ್ಟಲ್ಲ: ಔಷಧ ನಿಂತಿದೆ, ಮದುವೆಯ ರಾತ್ರಿಗಳ ನಿದ್ದೆಗೇಡಿದೆ, ಹೊಸ ಮನೆಯ ಒತ್ತಡವಿದೆ, ಎಲ್ಲವೂ ಒಂದೇ ವಾರದಲ್ಲಿ. ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ನೋಡಿಕೊಳ್ಳುವ ವಾರ್ಡನ್ನು ನಿಮ್ಹಾನ್ಸ್ 2009ರಲ್ಲಿ ದೇಶದಲ್ಲೇ ಮೊದಲಿಗೆ ತೆರೆಯಿತು. ಬಾಣಂತಿಗೆ ದೆವ್ವ ಮೆಟ್ಟಿದೆಯೆಂದು ಹೊಗೆ ಹಾಕುವ ಮನೆಗಳಿಗೆ ಆ ಸುದ್ದಿ ಇನ್ನೂ ತಲುಪಬೇಕಾಗಿದೆ.

ನಿದ್ದೆಗೇಡು ಈ ಕಾಯಿಲೆಯ ಲಕ್ಷಣವೂ ಹೌದು, ಸರದಿಗೆ ಕಾರಣವೂ ಹೌದು. ಎರಡು ಮೂರು ರಾತ್ರಿಯ ನಿದ್ದೆಗೇಡು ಉನ್ಮಾದವನ್ನು ಎಬ್ಬಿಸಬಲ್ಲದು. ಗದ್ವಾಲ್ ಸೀಮೆಗೆ ಹೆಸರು ತಂದ ಬೀಜದ ಹತ್ತಿಯ ಕೆಲಸದಲ್ಲಿ, ಹೆಣ್ಣು ಸಾಲಿನ ಮೊಗ್ಗಿನ ಕೇಸರಗಳನ್ನು ಸಂಜೆ ಕಿತ್ತು ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ವಾರಗಟ್ಟಲೆ ಬಿಡುವಿಲ್ಲದೆ ನಡೆಯುತ್ತದೆ. ಆ ಹಂಗಾಮಿನಲ್ಲಿ ಈ ಕಾಯಿಲೆಯಿರುವವರಿಗೆ ಒಂದು ಹೊತ್ತಿನ ಕೆಲಸವಷ್ಟೇ ಕೊಟ್ಟು ರಾತ್ರಿಯ ನಿದ್ದೆ ಕಾಯುವುದು ಮನೆಯವರ ಹೊಣೆ. ಶಿವರಾತ್ರಿಯ ಜಾಗರಣೆ, ಜಾತ್ರೆಯ ರಾತ್ರಿಯ ಭಜನೆ ಇವುಗಳಿಗೂ ಇದೇ ಮಾತು. ಇದನ್ನೆಲ್ಲ ದಾಖಲಿಸಲು ದುಬಾರಿ ಸಾಧನವೇನೂ ಬೇಡ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ದಿನದ ಚೌಕದೊಳಗೆ ಮೂರು ಗುರುತು ಸಾಕು: ಎಷ್ಟು ತಾಸು ನಿದ್ದೆ, ಮನಸ್ಸು ಏರಿತ್ತೇ ಇಳಿದಿತ್ತೇ, ಗುಳಿಗೆ ಆಯಿತೇ. ಒಂದು ವರ್ಷದ ಹನ್ನೆರಡು ಹಾಳೆಗಳನ್ನು ಮುಂದಿಟ್ಟರೆ ಯಾವ ಊರಿನ, ಯಾವ ಭಾಷೆಯ ವೈದ್ಯರಾದರೂ ಸರದಿಗಳ ಸಾಲನ್ನು ಐದು ನಿಮಿಷದಲ್ಲಿ ಓದಬಲ್ಲರು. ಒಬ್ಬೊಬ್ಬರಿಗೂ ಮರುಕಳಿಕೆಯ ಮೊದಲ ಸುಳಿವು ಒಂದೊಂದು: ಒಬ್ಬರು ಬಣ್ಣದ ಬಟ್ಟೆ ಹುಡುಕುತ್ತಾರೆ, ಒಬ್ಬರು ನಡುರಾತ್ರಿ ಹಳೆಯ ಗೆಳೆಯರಿಗೆಲ್ಲ ಫೋನು ಮಾಡುತ್ತಾರೆ. ಆ ಸುಳಿವನ್ನು ರೋಗಿಯೇ, ಚೆನ್ನಾಗಿರುವಾಗ, ತನ್ನ ಕೈಯಿಂದ ಬರೆದಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಮನೆಯವರು ಎಚ್ಚರಿಸಿದಾಗ ಅದು ಅವರ ಆಪಾದನೆಯಾಗದೆ ಆತನದೇ ಮಾತಾಗಿ ನಿಲ್ಲುತ್ತದೆ.

ದೇವರ ಮೊರೆ ಹೋಗುವುದನ್ನು ಹೀಗಳೆಯಬೇಕಿಲ್ಲ. ಹರಕೆ ಮತ್ತು ಗುಳಿಗೆ ಒಟ್ಟಿಗೆ ಸಾಗಬಲ್ಲವು. ಹೀಗಳೆಯಬೇಕಾದದ್ದು ಸರಪಳಿಯನ್ನು. ತಮಿಳುನಾಡಿನ ಎರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂಬುದಕ್ಕೆ ಸಾಕ್ಷಿ ಈ ಸೀಮೆಯ ನೆರೆಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. ತೆಲಂಗಾಣದಿಂದ ಕರೆ ಮಾಡುವ ಕನ್ನಡ ಮನೆಗೆ ಕನ್ನಡದಲ್ಲಿಯೇ ಉತ್ತರ ಸಿಗುವಂತಾದರೆ "ನಿದ್ದಿ ಬೇಕನಸವಲ್ದು" ಎಂಬ ಮಾತು ತನ್ನ ಅರ್ಥ ಕಳೆದುಕೊಳ್ಳದೆ ತಲುಪುತ್ತದೆ.

2017ರ ಕಾಯ್ದೆಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಇನ್ನೊಂದು ಹಕ್ಕಿದೆ, ಗಡಿನಾಡಿನವರಿಗೆ ಅದು ವಿಶೇಷವಾಗಿ ಒದಗುವಂಥದ್ದು. ವಯಸ್ಕರಾದ ಯಾರಾದರೂ, ಮನಸ್ಸು ನೆಟ್ಟಗಿರುವಾಗ, ಮುಂದೆ ಕಾಯಿಲೆ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡಬಹುದು, ತನ್ನ ಪರವಾಗಿ ಮಾತಾಡಲು ಒಬ್ಬರನ್ನು ನಾಮನಿರ್ದೇಶನ ಮಾಡಬಹುದು. ಅದರ ಜೊತೆಗೆ ಮನೆಯ ಮಟ್ಟಿಗೆ ಇನ್ನೊಂದು ಹಾಳೆ ಬರೆದಿಟ್ಟರೆ ಅದರಲ್ಲಿ ಇರಬೇಕಾದವು ಸಣ್ಣ ಸಂಗತಿಗಳು: ಹಿಂದಿನ ಸರದಿಗಳ ತಿಂಗಳು ಮತ್ತು ವರ್ಷ, ಒಗ್ಗಿದ ಔಷಧದ ಹೆಸರು, ಒಗ್ಗದ್ದರ ಹೆಸರು, ಕೊನೆಯ ಲಿಥಿಯಂ ಮಟ್ಟ, ಉಮೇದು ಏರಿದಾಗ ಎಟಿಎಂ ಕಾರ್ಡು ಮತ್ತು ಗಾಡಿಯ ಕೀಲಿ ಯಾರ ಬಳಿ ಇರಬೇಕು, ಮಕ್ಕಳು ಯಾರ ಮನೆಯಲ್ಲಿ ಮಲಗಬೇಕು, ರಾಯಚೂರಿಗೆ ಒಯ್ಯಬೇಕೋ ಕರ್ನೂಲಿಗೋ. ಒಂದು ಪ್ರತಿ ಗೋಡೆಯ ಕ್ಯಾಲೆಂಡರಿನ ಹಿಂದೆ, ಒಂದು ಗಡಿಯಾಚೆಯ ಅಕ್ಕನ ಮನೆಯಲ್ಲಿ, ಒಂದು ಕೂಲಿಗೆ ಹೊರಟವನ ಚೀಲದಲ್ಲಿ ಗುಳಿಗೆಯ ಪಟ್ಟಿಯ ಜೊತೆಗೆ.